ಕೌನ್ಸಿಲ್‌ಗೆ ತಿಳಿಸಿದರೆ ಸಾಕಾ, ಅನುಮತಿ ಬೇಕಾ? ಇಂಗ್ಲೆಂಡಿನಲ್ಲಿ ದೀಪಾವಳಿ ಪಟಾಕಿ ಪ್ರದರ್ಶನ

ಕೆಟಲ್‌ಕಾಫಿ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನಲ್ಲಿ ಇರುವವರಿಗೆ ಒಂದು ಪ್ರಶ್ನೆ.

ನಮ್ಮ ಊರಿನ ಕನ್ನಡದವರು ಪ್ರತಿ ವರ್ಷ ದೀಪಾವಳಿಗೆ ಒಂದು ಹಾಲ್ ಬುಕ್ ಮಾಡುತ್ತೇವೆ. ಊಟ, ಮಕ್ಕಳ ಡ್ಯಾನ್ಸ್, ಅಂತ್ಯಾಕ್ಷರಿ, ಅಲ್ಲಿಗೆ ಮುಗಿಯಿತು. ಈ ಸಲ ಹೊರಗೆ ಪಟಾಕಿಯೂ ಇರಲಿ ಅಂತ ಕಮಿಟಿಯಲ್ಲಿ ತೀರ್ಮಾನ ಆಗಿದೆ. ಕೈ ಎತ್ತಿ ಒಪ್ಪಿಗೆ ಕೊಟ್ಟವರೆಲ್ಲ ಮನೆಗೆ ಹೋದರು, ಕಾಗದಪತ್ರ ನೋಡುವ ಕೆಲಸ ಮಾತ್ರ ನನ್ನ ತಲೆಗೆ ಬಂದಿದೆ.

ಜಾಗ ಇನ್ನೂ ಗಟ್ಟಿಯಾಗಿಲ್ಲ. ಒಂದು, ನಾವು ಬಾಡಿಗೆಗೆ ತೆಗೆದುಕೊಳ್ಳುವ ಸ್ಕೂಲಿನ ಹಿಂದಿನ ಮೈದಾನ. ಇನ್ನೊಂದು, ಪಕ್ಕದಲ್ಲೇ ಇರುವ ಕೌನ್ಸಿಲ್ (ಇಲ್ಲಿನ ಸ್ಥಳೀಯ ಆಡಳಿತ) ಪಾರ್ಕ್. ಜನ ಸುಮಾರು 300 ಆಗಬಹುದು, ಟಿಕೆಟ್ ಇಟ್ಟಿದ್ದೇವೆ, ಆದರೆ ಅಕ್ಕಪಕ್ಕದ ಇಂಗ್ಲಿಷ್ ಮನೆಗಳವರನ್ನೂ ಕರೆಯಬೇಕು ಅನ್ನುವ ಆಸೆ ಇದೆ.

ನನಗೆ ಗೊತ್ತಾಗಬೇಕಾದದ್ದು ಇಷ್ಟೇ. ಸಾರ್ವಜನಿಕವಾಗಿ ಪಟಾಕಿ ಹಚ್ಚುವ ಮುಂಚೆ ಕೌನ್ಸಿಲ್‌ಗೆ ನೋಟಿಸ್ ಕೊಡಬೇಕು ಅಂತ ಕಾನೂನು ಇದೆಯಾ? ಇದ್ದರೆ ಎಷ್ಟು ದಿನ ಮುಂಚೆ? ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ ಒಬ್ಬರು ಲೈಸೆನ್ಸ್ ಬೇಕು ಅನ್ನುತ್ತಾರೆ, ಇನ್ನೊಬ್ಬರು ಪೊಲೀಸರಿಗೆ ಪತ್ರ ಸಾಕು ಅನ್ನುತ್ತಾರೆ, ಮತ್ತೊಬ್ಬರು "ಹಿಂದೆ ನಮ್ಮೂರಲ್ಲಿ ಯಾರನ್ನ ಕೇಳಿ ಹೊಡೀತಿದ್ವಿ?" ಅಂತ ನಗುವ ಎಮೋಜಿ ಹಾಕುತ್ತಾರೆ.

ರಾಕೆಟ್‌ರಾಯ

ಏನೂ ಬೇಡ ಗುರು. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಅಂಗಡಿಯಲ್ಲಿ ಮಾರುತ್ತಾರೆ, ನಾವು ತಂದು ಹಚ್ಚುತ್ತೇವೆ. ಹನ್ನೊಂದು ಗಂಟೆಯೊಳಗೆ ಮುಗಿಸಿ, ಅಷ್ಟೇ. ಕೇಳಲು ಹೋದರೆ ತಾನೇ ಬೇಡ ಅನ್ನುವುದು?

ಫೈಲ್‌ನಂಬರ್‌ಏಳು

ರಾಕೆಟ್‌ರಾಯರ ಉತ್ತರ ಅರ್ಧ ಸರಿ. ಇನ್ನರ್ಧ ನಂಬಿದರೆ ಕಷ್ಟ. ನಾನು ಕೆಲವು ವರ್ಷ ಒಂದು ಕೌನ್ಸಿಲಿನ ಈವೆಂಟ್ಸ್ ವಿಭಾಗದಲ್ಲಿ ಕೆಲಸ ಮಾಡಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಇಂಗ್ಲೆಂಡಿನಲ್ಲಿ "ಪಟಾಕಿ ಪ್ರದರ್ಶನದ ಲೈಸೆನ್ಸ್" ಅಂತ ಒಂದು ಕಾಗದ ಇಲ್ಲವೇ ಇಲ್ಲ. ಪಟಾಕಿ ಹಚ್ಚುತ್ತೇವೆ ಅನ್ನುವ ಒಂದೇ ಕಾರಣಕ್ಕೆ ಕೌನ್ಸಿಲ್‌ಗೆ ಇಷ್ಟು ದಿನ ಮುಂಚೆ ನೋಟಿಸ್ ಕೊಡಲೇಬೇಕು ಅಂತ ಇಡೀ ದೇಶಕ್ಕೆ ಅನ್ವಯಿಸುವ ಕಾನೂನೂ ಇಲ್ಲ. 2003ರ ಫೈರ್‌ವರ್ಕ್ಸ್ ಆ್ಯಕ್ಟ್, ಅದರ ಕೆಳಗೆ ಬಂದ 2004ರ ನಿಯಮಗಳು, ಇವೆರಡೂ ನೋಡುವುದು ಮುಖ್ಯವಾಗಿ ಯಾರು ಮಾರಬಹುದು, ಯಾರ ಕೈಯಲ್ಲಿ ಇರಬಹುದು, ಯಾವ ಹೊತ್ತಿನಲ್ಲಿ ಹಚ್ಚಬಾರದು ಅನ್ನುವುದನ್ನು. ರಾತ್ರಿ 11ರಿಂದ ಬೆಳಿಗ್ಗೆ 7ರ ತನಕ ಹಚ್ಚಬಾರದು. 18 ತುಂಬದವರು ಸಾರ್ವಜನಿಕ ಜಾಗದಲ್ಲಿ ದೊಡ್ಡವರ ಪಟಾಕಿ ಹಿಡಿದುಕೊಂಡಿರುವುದೇ ತಪ್ಪು. ನಿಯಮ ಮುರಿದರೆ ಸ್ಥಳದಲ್ಲೇ 90 ಪೌಂಡ್ ದಂಡ ಬೀಳಬಹುದು, ಕೋರ್ಟಿಗೆ ಹೋದರೆ ದಂಡಕ್ಕೆ ಮಿತಿ ಇಲ್ಲ, ಆರು ತಿಂಗಳ ಜೈಲಿನ ತನಕ ಹೋಗಬಹುದು.

ಹಾಗಾದರೆ ಎಲ್ಲರೂ ಕೌನ್ಸಿಲ್, ಕೌನ್ಸಿಲ್ ಅನ್ನುವುದು ಯಾಕೆ? ಅದು ನಿಮ್ಮ ಎದುರು ಬೇರೆ ಬೇರೆ ವೇಷದಲ್ಲಿ ಬರುತ್ತದೆ, ಅದಕ್ಕೆ.

ಪಾರ್ಕ್ ಬೇಕಾದರೆ ಕೌನ್ಸಿಲ್ ಆ ಜಾಗದ ಮಾಲೀಕ. ಮಾಲೀಕ ಬೇಡ ಅಂದರೆ ಬೇಡ, ಅಲ್ಲಿ ವಾದ ಇಲ್ಲ. ಕೆಲವು ಕೌನ್ಸಿಲ್‌ಗಳು ತಮ್ಮ ಪಾರ್ಕಿನಲ್ಲಿ ಪಟಾಕಿಯನ್ನೇ ಬಿಡುವುದಿಲ್ಲ. ಬಿಡುವವರು ತರಬೇತಿ ಪಡೆದ ಕಂಪನಿಯವರೇ ಹಚ್ಚಬೇಕು, ಇಷ್ಟು ಇನ್ಶೂರೆನ್ಸ್ ಇರಬೇಕು, ಹುಲ್ಲು ಹಾಳಾದರೆ ಡಿಪಾಸಿಟ್‌ನಲ್ಲಿ ಕಡಿತ ಅಂತೆಲ್ಲ ಷರತ್ತು ಹಾಕುತ್ತಾರೆ. ಇದು ಪಟಾಕಿ ಕಾನೂನಲ್ಲ, ಬಾಡಿಗೆ ಕರಾರು. ಆದರೂ ಪಾಲಿಸಲೇಬೇಕು.

ಮದ್ಯ ಮಾರಿದರೆ, ಅಥವಾ ಸಂಗೀತ ಕಾರ್ಯಕ್ರಮ ಒಂದು ಮಿತಿ ಮೀರಿದರೆ, ಅದೇ ಕೌನ್ಸಿಲ್ ಲೈಸೆನ್ಸಿಂಗ್ ಅಧಿಕಾರಿಯಾಗಿ ಬರುತ್ತದೆ. ಅಲ್ಲಿ ನೋಟಿಸ್ ಕಡ್ಡಾಯ, ದಿನದ ಲೆಕ್ಕವೂ ಇದೆ.

ಮೂರನೆಯದು ಎಸ್‌ಎಜಿ, ಅಂದರೆ ಸೇಫ್ಟಿ ಅಡ್ವೈಸರಿ ಗ್ರೂಪ್. ಕೌನ್ಸಿಲ್, ಪೊಲೀಸ್, ಅಗ್ನಿಶಾಮಕ, ಆಂಬ್ಯುಲೆನ್ಸ್, ಹೈವೇ ವಿಭಾಗದವರು ಒಂದೇ ಮೇಜಿನ ಸುತ್ತ ಕೂತು ನಿಮ್ಮ ಪ್ಲಾನ್ ನೋಡುತ್ತಾರೆ. ಹೆಸರೇ ಹೇಳುವಂತೆ ಅವರದು ಸಲಹೆ. ಕಾನೂನಿನ ಪ್ರಕಾರ ಅವರಿಗೆ ನಿಮ್ಮ ಕಾರ್ಯಕ್ರಮ ನಿಲ್ಲಿಸುವ ಅಧಿಕಾರ ಇಲ್ಲ, ಒಪ್ಪಿಗೆ ಕೊಡುವ ಅಧಿಕಾರವೂ ಇಲ್ಲ. ಆದರೆ ಅವರ ಸಲಹೆ ಕಡತದಲ್ಲಿ ಉಳಿಯುತ್ತದೆ. ಅದನ್ನು ಕಡೆಗಣಿಸಿದ ಮೇಲೆ ಯಾರಿಗಾದರೂ ಪೆಟ್ಟಾದರೆ, ಮುಂದೆ ಕೋರ್ಟಿನಲ್ಲಿ ಮೊದಲು ತೆಗೆಯುವುದು ಅದೇ ಕಡತವನ್ನು. ಎಷ್ಟು ಮುಂಚೆ ತಿಳಿಸಬೇಕು ಅನ್ನುವುದು ಒಂದೊಂದು ಕೌನ್ಸಿಲ್‌ಗೆ ಒಂದೊಂದು ಥರ. ವಾರಗಳಲ್ಲಿ ಮುಗಿಸುವವರೂ ಇದ್ದಾರೆ, ತಿಂಗಳುಗಟ್ಟಲೆ ಬೇಕು ಅನ್ನುವವರೂ ಇದ್ದಾರೆ. ನಿಮ್ಮ ಕೌನ್ಸಿಲ್ ವೆಬ್‌ಸೈಟಿನಲ್ಲಿ ಈವೆಂಟ್ ನೋಟಿಫಿಕೇಶನ್ ಫಾರಂ ಅಂತ ಇರುತ್ತದೆ, ಅದರಲ್ಲೇ ದಿನದ ಲೆಕ್ಕ ಬರೆದಿರುತ್ತಾರೆ. ಬೇಸಿಗೆಯಲ್ಲೇ ತುಂಬಿ ಕಳಿಸಿ. ಅಕ್ಟೋಬರಿನಲ್ಲಿ ಎಲ್ಲ ರಗ್ಬಿ ಕ್ಲಬ್, ಸ್ಕೂಲ್, ಪಬ್ ಒಟ್ಟಿಗೆ ಕಳಿಸುತ್ತವೆ, ನವೆಂಬರ್ 5ರ ಬಾನ್‌ಫೈರ್ ನೈಟ್, ಇಲ್ಲಿಯವರ ಪಟಾಕಿ ಹಬ್ಬ, ಇರುತ್ತದಲ್ವಾ. ಆಗ ನಿಮ್ಮ ಫಾರಂ ತೆರೆದು ನೋಡಲೂ ಅವರಿಗೆ ಪುರುಸೊತ್ತು ಇರುವುದಿಲ್ಲ.

ಇನ್ನು "ಕೇಳಲು ಹೋದರೆ ತಾನೇ ಬೇಡ ಅನ್ನುವುದು" ಅನ್ನುವ ಮಾತು. ಪಾರ್ಕ್ ಬಿಟ್ಟು ಸ್ಕೂಲ್ ಮೈದಾನ ಹಿಡಿದರೆ ನೀವು ಕೌನ್ಸಿಲನ್ನು ಕೇಳುತ್ತಿಲ್ಲ, ತಿಳಿಸುತ್ತಿದ್ದೀರಿ. ತಿಳಿಸಿದವರಿಗೆ ಬೇಡ ಅನ್ನುವ ದಾರಿ ಅವರ ಹತ್ತಿರ ಕಡಿಮೆ. ತಿಳಿಸದೇ ಇದ್ದರೆ ಮಾತ್ರ, ಆ ರಾತ್ರಿ ಯಾರಾದರೂ ಬೆಂಕಿ ಬಿದ್ದಿದೆ ಅಂತ 999ಕ್ಕೆ ಫೋನ್ ಮಾಡಿದಾಗ ಎರಡು ಫೈರ್ ಇಂಜಿನ್ ನಿಮ್ಮ ಪುಳಿಯೋಗರೆ ಕೌಂಟರ್ ಮುಂದೆ ಬಂದು ನಿಲ್ಲುತ್ತವೆ.

ಕೆಟಲ್‌ಕಾಫಿ

ತುಂಬಾ ಥ್ಯಾಂಕ್ಸ್. ಹಾಗಾದರೆ ಸ್ಕೂಲ್ ಮೈದಾನವೇ ವಾಸಿ ಅನ್ನಿಸುತ್ತಿದೆ.

ಒಂದು ಅನುಮಾನ. ದೀಪಾವಳಿಗೆ ರಾತ್ರಿ 1ರ ತನಕ ಬಿಡುತ್ತಾರೆ ಅಂತ ಓದಿದ್ದೆ. ನಮ್ಮ ಕಾರ್ಯಕ್ರಮ ಊಟ, ಭಾಷಣ ಎಲ್ಲ ಮುಗಿಯುವ ಹೊತ್ತಿಗೆ ಹತ್ತೂವರೆ ಆಗಿಯೇ ಆಗುತ್ತದೆ (ಭಾಷಣ ಮಾಡುವವರು ಇದನ್ನು ಓದುತ್ತಿದ್ದರೆ ಕ್ಷಮಿಸಿ). ಒಂದು ಗಂಟೆಯ ತನಕ ಇದ್ದರೆ ಆರಾಮ. ಆಮೇಲೆ, ನಮ್ಮ ಸಿಟಿ ಕೌನ್ಸಿಲ್ ತಾನೇ ಒಮ್ಮೆ ಹನ್ನೊಂದರ ಮೇಲೆ ಪಟಾಕಿ ಹಚ್ಚಿಸಿತ್ತು, ಅವರಿಗೊಂದು ನ್ಯಾಯ ನಮಗೊಂದು ನ್ಯಾಯವಾ?

ಫೈಲ್‌ನಂಬರ್‌ಏಳು

ಹೌದು, ಅವರಿಗೊಂದು ನ್ಯಾಯ. ಕೌನ್ಸಿಲ್ ತಾನೇ ನಡೆಸುವ ಪ್ರದರ್ಶನಕ್ಕೂ, ರಾಷ್ಟ್ರೀಯ ಆಚರಣೆಗಳಿಗೂ, ಕೌನ್ಸಿಲ್ ನೌಕರರು ಹಚ್ಚುವುದಾದರೆ ಆ ರಾತ್ರಿ ನಿಷೇಧದಿಂದ ವಿನಾಯಿತಿ ಅಂತ ನಿಯಮದಲ್ಲೇ ಬರೆದುಕೊಂಡಿದ್ದಾರೆ.

ಆ 1 ಗಂಟೆಯ ವಿಷಯದಲ್ಲಿ ನಮ್ಮವರು ಪ್ರತಿ ವರ್ಷ ಸಿಕ್ಕಿಬೀಳುತ್ತಾರೆ. ವಿನಾಯಿತಿ ಇರುವುದು ದೀಪಾವಳಿಯ ದಿನಕ್ಕೆ, ದೀಪಾವಳಿ ಕಾರ್ಯಕ್ರಮಕ್ಕಲ್ಲ. ಹಬ್ಬದ ದಿನ ರಾತ್ರಿ 11ರಿಂದ ಮರುದಿನ ಬೆಳಗಿನ ಜಾವ 1ರ ತನಕ, ಅಷ್ಟೇ. ಹೊಸ ವರ್ಷದ ಹಿಂದಿನ ರಾತ್ರಿಗೂ ಚೀನೀಯರ ಹೊಸ ವರ್ಷಕ್ಕೂ ಇದೇ 1 ಗಂಟೆ, ನವೆಂಬರ್ 5ಕ್ಕೆ 12. ನಾವೋ, ಹಬ್ಬ ಮಂಗಳವಾರ ಬಂದರೂ ಸೇರುವುದು ಶನಿವಾರ. ಹಾಲ್ ಸಿಗಲಿಲ್ಲ ಅಂದರೆ ಮುಂದಿನ ಶನಿವಾರ. ಆ ಶನಿವಾರಕ್ಕೆ ಉಳಿದ 361 ದಿನಗಳ ನಿಯಮವೇ, 11 ಗಂಟೆ. ನಮಗೆ ನರಕ ಚತುರ್ದಶಿ, ಅಮಾವಾಸ್ಯೆ, ಬಲಿಪಾಡ್ಯಮಿ ಮೂರೂ ಹಬ್ಬವೇ. ಇಲ್ಲಿನ ನಿಯಮ ಮಾತ್ರ ಒಂದೇ ದಿನ ಅನ್ನುತ್ತದೆ. ಚತುರ್ದಶಿಯ ಬೆಳಗಿನ ಜಾವ ಎಣ್ಣೆಸ್ನಾನ ಮಾಡಿ ಐದು ಗಂಟೆಗೆ ಪಟಾಕಿ ಹಚ್ಚುವ ಸಂಪ್ರದಾಯ ಇಟ್ಟುಕೊಂಡವರು ಇಲ್ಲಿ ಸ್ನಾನಕ್ಕೆ ನಿಲ್ಲಿಸುವುದು ಒಳ್ಳೆಯದು, 7ರ ತನಕ ನಿಷೇಧ.

ಮತ್ತೆ ಯಾಕೆ ಹತ್ತೂವರೆ? ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರ ಹಿಂದೆ ಹೋದ ಮೇಲೆ ನಾಲ್ಕೂವರೆ, ಐದಕ್ಕೆಲ್ಲ ಕತ್ತಲು. ಹಬ್ಬ ಅಕ್ಟೋಬರ್ ಮಧ್ಯದಲ್ಲಿ ಬಂದರೂ ಏಳಕ್ಕೆ ಕತ್ತಲಾಗಿರುತ್ತದೆ. ಮೊದಲು ಪಟಾಕಿ, ಆಮೇಲೆ ಊಟ, ಕೊನೆಗೆ ಭಾಷಣ ಇಡಿ. ಮಕ್ಕಳಿಗೂ ಒಳ್ಳೆಯದು, ನೆರೆಯವರಿಗೂ ಒಳ್ಳೆಯದು, ಭಾಷಣಕ್ಕೆ ಎಷ್ಟು ಜನ ಉಳಿಯುತ್ತಾರೆ ಅನ್ನುವುದೂ ಗೊತ್ತಾಗುತ್ತದೆ.

ಚಕ್ಕುಲಿಚಕ್ರ

ಲೈಸೆನ್ಸಿಂಗ್ ಬಗ್ಗೆ ನಾನು ಹೇಳುತ್ತೇನೆ, ನಮ್ಮ ಕಡೆ ಕಾರ್ಯಕ್ರಮಗಳಿಗೆ ಅರ್ಜಿ ಹಾಕುವುದು ನಾನೇ.

ಪಟಾಕಿಗೂ ಲೈಸೆನ್ಸಿಂಗ್ ಆ್ಯಕ್ಟ್‌ಗೂ ಸಂಬಂಧ ಇಲ್ಲ. ಮದ್ಯ ಮಾರುವುದು, ಸಂಗೀತ, ನೃತ್ಯ, ರಾತ್ರಿ 11ರಿಂದ ಬೆಳಿಗ್ಗೆ 5ರೊಳಗೆ ಬಿಸಿ ಊಟ ಅಥವಾ ಬಿಸಿ ಪಾನೀಯ ಮಾರುವುದು, ಇವು ಅದರ ಕೆಳಗೆ ಬರುತ್ತವೆ. ಜಾಗಕ್ಕೆ ಈಗಾಗಲೇ ಲೈಸೆನ್ಸ್ ಇಲ್ಲದಿದ್ದರೆ ಟೆಂಪರರಿ ಈವೆಂಟ್ ನೋಟಿಸ್ ಕೊಡಬೇಕು. ಇಂಗ್ಲಿಷ್ ಮೊದಲಕ್ಷರಗಳನ್ನು ಸೇರಿಸಿ ಎಲ್ಲರೂ ಅದನ್ನು ಟೆನ್ ಅನ್ನುತ್ತಾರೆ. ಶುಲ್ಕ 21 ಪೌಂಡ್. ಕಾರ್ಯಕ್ರಮಕ್ಕೆ ಕನಿಷ್ಠ 10 ಕೆಲಸದ ದಿನ ಮುಂಚೆ ಕೌನ್ಸಿಲ್‌ಗೆ ತಲುಪಿರಬೇಕು, ನೋಟಿಸ್ ತಲುಪಿದ ದಿನ ಮತ್ತು ಕಾರ್ಯಕ್ರಮದ ದಿನ ಎರಡನ್ನೂ ಲೆಕ್ಕಕ್ಕೆ ಹಿಡಿಯಬಾರದು. ಶನಿವಾರ, ಭಾನುವಾರ ಕೂಡ ಲೆಕ್ಕಕ್ಕಿಲ್ಲ. ತಡವಾದರೆ 5 ಕೆಲಸದ ದಿನದ ತನಕ "ಲೇಟ್ ಟೆನ್" ಅಂತ ಇದೆ, ಆದರೆ ಅದಕ್ಕೆ ಪೊಲೀಸರೋ ಎನ್ವಿರಾನ್ಮೆಂಟಲ್ ಹೆಲ್ತ್‌ನವರೋ ಒಂದು ತಕರಾರು ಎತ್ತಿದರೆ ಅಲ್ಲಿಗೇ ಮುಗಿಯಿತು, ವಿಚಾರಣೆ ಕೂಡ ಇಲ್ಲ.

ಟೆನ್‌ನಲ್ಲಿ ಒಂದೇ ಹೊತ್ತಿಗೆ 499 ಜನಕ್ಕಿಂತ ಜಾಸ್ತಿ ಇರಬಾರದು. ಇದರಲ್ಲಿ ಸ್ವಯಂಸೇವಕರು, ಅಡುಗೆಯವರು, ಸ್ಟೇಜ್ ಮೇಲಿನ ಮಕ್ಕಳು ಎಲ್ಲರೂ ಸೇರಿದರು. ನೀವು 300 ಅನ್ನುತ್ತಿದ್ದೀರಿ. ಅಕ್ಕಪಕ್ಕದವರನ್ನೂ ಕರೆದು, ಪಟಾಕಿ ಅಂತ ಪೋಸ್ಟರ್ ಹಾಕಿ, ಫೇಸ್‌ಬುಕ್ಕಿನಲ್ಲಿ ಯಾರೋ ಹಂಚಿಕೊಂಡರೆ 300 ಹೋಗಿ 600 ಆಗಲು ಒಂದು ಸಂಜೆ ಸಾಕು. ಗೇಟಿನಲ್ಲಿ ಎಣಿಸಲು ಜನ ಇಡಿ.

ನಿಮ್ಮ ಮಕ್ಕಳ ಡ್ಯಾನ್ಸ್‌ಗೆ ಭಯ ಬೇಡ. ಬೆಳಿಗ್ಗೆ 8ರಿಂದ ರಾತ್ರಿ 11ರೊಳಗೆ, 500 ಜನದೊಳಗೆ ನೃತ್ಯ ಪ್ರದರ್ಶನ ಇದ್ದರೆ ಲೈಸೆನ್ಸ್ ಬೇಕಾಗುವುದಿಲ್ಲ. ಸ್ಕೂಲಿನಲ್ಲಿ ಅವರ ಒಪ್ಪಿಗೆ ಪಡೆದು ನಡೆಸುವ ಹಾಡು, ಸಂಗೀತಕ್ಕೂ ಇಂಥದೇ ವಿನಾಯಿತಿ ಇದೆ. ಎಡವುವುದು ವೈನ್ ವಿಷಯದಲ್ಲಿ. "ನಾವು ಮಾರುತ್ತಿಲ್ಲ, ಟಿಕೆಟ್ ತೆಗೆದುಕೊಂಡವರಿಗೆ ಒಂದು ಗ್ಲಾಸ್ ಫ್ರೀ" ಅಂದರೆ ನಡೆಯುವುದಿಲ್ಲ, ಟಿಕೆಟ್ ದುಡ್ಡಿನಲ್ಲಿ ಅದೂ ಸೇರಿತು ಅಂತಲೇ ಅರ್ಥ. ಮದ್ಯ ಇಲ್ಲ ಅಂದರೆ ನಿಮಗೆ ಟೆನ್ ಬೇಕಾಗುವುದೇ ಅನುಮಾನ. ಪಟಾಕಿ ಹಚ್ಚುವ ಸಂಜೆ ಮದ್ಯ ಬೇಡವೇ ಬೇಡ ಅನ್ನುವುದು ನನ್ನ ಸ್ವಂತ ಅಭಿಪ್ರಾಯ, ಬೈದರೂ ಪರವಾಗಿಲ್ಲ.

ಆರ್ಥರ್ಸ್‌ಸೀಟ್

ಸ್ಕಾಟ್ಲೆಂಡಿನವರು ಇದನ್ನೆಲ್ಲ ಓದಿ ಹಾಗೇ ಮಾಡಲು ಹೋಗಬೇಡಿ. ಇಲ್ಲಿ ಲೆಕ್ಕ ಬೇರೆ. 2021ರಿಂದ ಸಾಮಾನ್ಯ ಜನ ಪಟಾಕಿ ಹಚ್ಚಬಹುದಾದದ್ದು ಸಂಜೆ 6ರಿಂದ 11ರ ತನಕ ಮಾತ್ರ. ದೀಪಾವಳಿ ದಿನ ಇಲ್ಲೂ 1ರ ತನಕ ಇದೆ. ಅಂಗಡಿಯವರು ಬೆಳಿಗ್ಗೆ 7ರಿಂದ ಸಂಜೆ 6ರೊಳಗೆ ಮಾರಬೇಕು, ಅದೂ ಒಂದು ಸಲಕ್ಕೆ 5 ಕೆಜಿಗಿಂತ ಜಾಸ್ತಿ ಕೊಡುವಂತಿಲ್ಲ.

ಅದರ ಮೇಲೆ 2022ರ ಕಾಯ್ದೆ ಬಂತು. ಕೌನ್ಸಿಲ್ ನಕ್ಷೆಯ ಮೇಲೆ ಗೆರೆ ಎಳೆದು "ಫೈರ್‌ವರ್ಕ್ ಕಂಟ್ರೋಲ್ ಜೋನ್" ಅಂತ ಘೋಷಿಸಬಹುದು. ಆ ಗೆರೆಯೊಳಗೆ ನಿಮ್ಮ ಸ್ವಂತ ಹಿತ್ತಲಿನಲ್ಲಿ ಒಂದು ರಾಕೆಟ್ ಹಚ್ಚಿದರೂ ಅಪರಾಧ. ಮೊದಲು ಮಾಡಿದ್ದು ಎಡಿನ್‌ಬರಾ, 2024ರ ನವೆಂಬರಿನಲ್ಲಿ. ಹಾಗಾಗಿ ಇಲ್ಲಿ ಪ್ರತಿ ವರ್ಷ ಮೊದಲು ನಕ್ಷೆ ನೋಡಬೇಕು, ಆಮೇಲೆ ಹಾಲ್ ಬುಕ್ ಮಾಡಬೇಕು.

ಉತ್ತರ ಐರ್ಲೆಂಡಿನಲ್ಲಿ ಇರುವ ನನ್ನ ತಂಗಿ ಹೇಳುವಂತೆ ಅಲ್ಲಿ ಸುರುಸುರು ಬತ್ತಿ ಮತ್ತು ಮನೆಯೊಳಗಿನ ಚಿಲ್ಲರೆ ಪಟಾಕಿ ಬಿಟ್ಟು ಉಳಿದ ಎಲ್ಲಕ್ಕೂ ಲೈಸೆನ್ಸ್ ಬೇಕು, ಅದನ್ನು ಕೊಡುವುದು ಕೌನ್ಸಿಲ್ ಅಲ್ಲ, ನ್ಯಾಯ ಇಲಾಖೆ. ಒಂದೇ ರಾಜ, ಒಂದೊಂದು ಕಡೆ ಒಂದೊಂದು ಕಾನೂನು.

ಬೆಕ್ಕಿನಕಣ್ಣು

ಇಷ್ಟು ಜನ ಬರೆದಿದ್ದೀರಿ, ನೆರೆಯವರಿಗೆ ಹೇಳುವ ಬಗ್ಗೆ ಯಾರೂ ಹೆಚ್ಚು ಮಾತಾಡಿಲ್ಲ. ಕಾನೂನು ಕೇಳುವುದಿಲ್ಲ ಅಂತ ಬಿಟ್ಟುಬಿಡುವುದಾ?

ನಮ್ಮ ಮನೆ ಹಿಂದಿನ ಮೈದಾನದಲ್ಲಿ ಒಂದು ಸಂಘದವರು ಯಾರಿಗೂ ಹೇಳದೆ ದೊಡ್ಡ ಪ್ರದರ್ಶನ ಇಟ್ಟರು. ಪಕ್ಕದ ಮನೆಯ ಅಜ್ಜನಿಗೆ ಮರೆವಿನ ಕಾಯಿಲೆ, ಅವರು ಗಾಬರಿಯಾಗಿ ಬೀದಿಗೆ ಬಂದು ನಿಂತಿದ್ದರು. ನಮ್ಮ ಬೆಕ್ಕು ಮರುದಿನದ ತನಕ ಸೋಫಾ ಕೆಳಗಿಂದ ಬರಲಿಲ್ಲ. ಸದ್ದಿಗಿಂತ ಸಿಟ್ಟು ಬಂದದ್ದು ಹೇಳಲಿಲ್ಲವಲ್ಲ ಅಂತ. ಹೇಳಿದ್ದರೆ ಅಜ್ಜನನ್ನು ಆ ಸಂಜೆ ಮಗಳ ಮನೆಗೆ ಕಳಿಸುತ್ತಿದ್ದರು, ನಾವು ಪರದೆ ಎಳೆದು ಟಿವಿ ಜೋರಾಗಿ ಹಾಕುತ್ತಿದ್ದೆವು. ಆಮೇಲೆ ದೂರು ಕೊಡಲು ಹೋದರೂ ಪ್ರಯೋಜನ ಕಡಿಮೆ. ಒಂದೇ ರಾತ್ರಿ ಇಪ್ಪತ್ತು ನಿಮಿಷದ ಸದ್ದನ್ನು ನ್ಯೂಸೆನ್ಸ್ ಅಂತ ಸಾಬೀತು ಮಾಡುವುದು ಸುಲಭವಲ್ಲ. ಅಕ್ಕಪಕ್ಕದ ಮನೆಯವರು ಪಟಾಕಿ ವಿರೋಧಿಗಳಾಗುವುದು ಹೀಗೆಯೇ.

ಒಂದು ಎ5 ಕಾಗದದಲ್ಲಿ ತಾರೀಖು, ಶುರು ಮಾಡುವ ಹೊತ್ತು, ಮುಗಿಯುವ ಹೊತ್ತು, ಆ ಸಂಜೆ ನಿಜವಾಗಿ ಎತ್ತುವ ಒಂದು ಫೋನ್ ನಂಬರ್ ಹಾಕಿ. ಎರಡು ವಾರ ಮುಂಚೆ ಮನೆಮನೆಗೆ ಹಾಕಿ, ಹಿಂದಿನ ದಿನ ಇನ್ನೊಮ್ಮೆ ನೆನಪಿಸಿ. ಕೇರ್ ಹೋಮ್, ಕುದುರೆ ಲಾಯ, ಕೋಳಿ ಫಾರಂ ಹತ್ತಿರ ಇದ್ದರೆ ಕಾಗದ ಸಾಲದು, ಹೋಗಿ ಮಾತಾಡಿ. ಕಡಿಮೆ ಸದ್ದಿನ ಪಟಾಕಿ ಅಂತಲೇ ಬರುತ್ತದೆ, ಬಣ್ಣ ಜಾಸ್ತಿ ಸದ್ದು ಕಡಿಮೆ. ಪೂರ್ತಿ ಮೌನ ಅಂತ ನಂಬಬೇಡಿ, ಹಾರಿಸಲು ಮದ್ದು ಬೇಕೇ ಬೇಕಲ್ವಾ.

ರಾಕೆಟ್‌ರಾಯ

ಅಯ್ಯೋ, ಒಂದು ರಾಕೆಟ್ ಬಿಡಲು ಇಷ್ಟೆಲ್ಲ ಜಾತಕ ನೋಡಬೇಕಾ? ಬರೀ ಹೂಕುಂಡ, ಭೂಚಕ್ರ, ನಾಲ್ಕು ಬಾಕ್ಸ್ ಹಚ್ಚಿದರೆ ಯಾರಿಗೆ ಏನಾಗುತ್ತದೆ?

ಅಳತೆಪಟ್ಟಿ

ಏನಾಗುತ್ತದೆ ಅನ್ನುವುದಕ್ಕೆ ಒಂದು ಸಂಗತಿ ಹೇಳುತ್ತೇನೆ. 2011ರ ನವೆಂಬರ್ 4ರ ರಾತ್ರಿ ಟಾಂಟನ್ ಹತ್ತಿರ ಎಂ5 ಮೋಟರ್‌ವೇ ಮೇಲೆ ಸಾಲುಸಾಲು ವಾಹನಗಳು ಡಿಕ್ಕಿ ಹೊಡೆದು 7 ಜನ ತೀರಿಕೊಂಡರು, 51 ಜನಕ್ಕೆ ಗಾಯವಾಯಿತು. ಪಕ್ಕದ ರಗ್ಬಿ ಕ್ಲಬ್‌ನಲ್ಲಿ ಆಗ ತಾನೇ ಪಟಾಕಿ ಪ್ರದರ್ಶನ ಮುಗಿದಿತ್ತು. ಮಂಜಿನ ಜೊತೆ ಹೊಗೆ ಸೇರಿ ರಸ್ತೆ ಕಾಣದಂತಾಯಿತು ಅಂತ ಪ್ರದರ್ಶನ ನಡೆಸಿದವರ ಮೇಲೆ ಮೊಕದ್ದಮೆ ಆಯಿತು. 2013ರಲ್ಲಿ ಕೋರ್ಟಿನಲ್ಲಿ ಅವರು ನಿರ್ದೋಷಿ ಅಂತ ತೀರ್ಪು ಬಂತು. ಅವರ ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ ಅಲ್ಲಿಂದ ಈಚೆ ಯಾವ ಎಸ್‌ಎಜಿ ಮೇಜಿನಲ್ಲೂ ಹೊಗೆ ಎತ್ತ ಹೋಗುತ್ತದೆ, ಹತ್ತಿರ ರಸ್ತೆ ಯಾವುದು ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ನಾಲ್ಕು ಬಾಕ್ಸ್ ಹಚ್ಚಿದರೂ ಗಾಳಿ ಇಲ್ಲದ ತೇವದ ರಾತ್ರಿ ಹೊಗೆ ಅಲ್ಲೇ ಕೂರುತ್ತದೆ. ಮುಂದೂಡುವ ಧೈರ್ಯ ಇಟ್ಟುಕೊಳ್ಳಿ.

ಈಗ ಕೆಟಲ್‌ಕಾಫಿಯವರಿಗೆ. ನೀವೇ ಹಚ್ಚುತ್ತೀರಾ, ಕಂಪನಿಗೆ ಕೊಡುತ್ತೀರಾ ಅನ್ನುವುದನ್ನು ಮೊದಲು ತೀರ್ಮಾನ ಮಾಡಿ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಅಂಗಡಿಯಲ್ಲಿ ನಮಗೆ ಸಿಗುವುದು ಎಫ್1, ಎಫ್2, ಎಫ್3 ಗುಂಪಿನವು (ಸಂಖ್ಯೆ ಏರಿದಂತೆ ಅಪಾಯ ಜಾಸ್ತಿ). ಎಫ್4 ತರಬೇತಿ ಪಡೆದ ವೃತ್ತಿಯವರಿಗೆ ಮಾತ್ರ, ನಮ್ಮ ಕೈಯಲ್ಲಿ ಇದ್ದರೇ ತಪ್ಪು. ಎಫ್2 ಆದರೆ ಜನ ಕನಿಷ್ಠ 8 ಮೀಟರ್, ಎಫ್3 ಆದರೆ 25 ಮೀಟರ್ ದೂರ ಇರಬೇಕು, ಡಬ್ಬದ ಮೇಲೆ ಬರೆದಿರುತ್ತದೆ. ಅದು ಕನಿಷ್ಠ. 300 ಜನ, ಅದರಲ್ಲಿ ಅರ್ಧ ಓಡಾಡುವ ಮಕ್ಕಳು ಅಂದರೆ ಅದಕ್ಕಿಂತ ದೂರ ಹಗ್ಗ ಕಟ್ಟಿ. ಗಾಳಿ ಬೀಸುವ ಕಡೆ ಕಡ್ಡಿ, ಕೊಳವೆ ಬೀಳಲು ದೊಡ್ಡ ಖಾಲಿ ಜಾಗ ಬಿಡಿ, ಅಲ್ಲಿ ಕಾರ್ ಪಾರ್ಕಿಂಗ್ ಬೇಡ. ಸ್ಕೂಲ್ ಮೈದಾನ ಟೇಪ್ ಹಿಡಿದು ಅಳೆಯಿರಿ. ಕಣ್ಣಳತೆಗೆ ದೊಡ್ಡದಾಗಿ ಕಾಣುವ ಮೈದಾನ ಈ ಲೆಕ್ಕ ಹಾಕಿದ ಮೇಲೆ ಸಾಲದು ಅಂತ ಆಗುವುದು ಮಾಮೂಲು.

ಲಕ್ಷ್ಮಿ ಪಟಾಕಿ, ಆಟಂಬಾಂಬ್ ಥರದ ಬರೀ ಢಂ ಅನ್ನುವವು ಇಲ್ಲಿ ಸಾಮಾನ್ಯ ಜನಕ್ಕೆ ಮಾರುವಂತಿಲ್ಲ. ಊರಿಂದ ಸೂಟ್‌ಕೇಸಿನಲ್ಲಿ ತರುತ್ತೇನೆ ಅನ್ನುವ ಚಿಕ್ಕಪ್ಪ ಯಾರಾದರೂ ಇದ್ದರೆ ಈಗಲೇ ಫೋನ್ ಮಾಡಿ ತಡೆಯಿರಿ, ವಿಮಾನದಲ್ಲಿ ಪಟಾಕಿ ಒಯ್ಯುವುದೇ ನಿಷಿದ್ಧ.

ಸ್ವಯಂಸೇವಕರು ಎಫ್3 ಹಚ್ಚಲು ಸರ್ಟಿಫಿಕೇಟ್ ಬೇಕು ಅಂತ ಕಾನೂನಿಲ್ಲ. ಆದರೆ ಇನ್ಶೂರೆನ್ಸ್ ಕಂಪನಿ ಕೇಳಬಹುದು, ಸ್ಕೂಲ್ ಖಂಡಿತ ಕೇಳುತ್ತದೆ. ಸಾರ್ವಜನಿಕ ಹೊಣೆಗಾರಿಕೆ ಇನ್ಶೂರೆನ್ಸ್ ಕಾನೂನಿನಲ್ಲಿ ಕಡ್ಡಾಯ ಅಲ್ಲದಿದ್ದರೂ ಜಾಗ ಕೊಡುವವರು 5 ಮಿಲಿಯನ್ ಅಥವಾ 10 ಮಿಲಿಯನ್ ಪೌಂಡಿನ ಕವರ್ ಕೇಳುವುದು ಸಾಮಾನ್ಯ. ನಿಮ್ಮ ಬಳಗಕ್ಕೆ ಈಗಾಗಲೇ ಪಾಲಿಸಿ ಇದ್ದರೆ ಅದರ ಸಣ್ಣ ಅಕ್ಷರ ಓದಿ. ಊಟ, ಡ್ಯಾನ್ಸ್ ಎಲ್ಲ ಸೇರಿಸಿ, ಪಟಾಕಿ ಮಾತ್ರ ಬಿಟ್ಟಿರುತ್ತಾರೆ. ನನ್ನ ಪ್ರಕಾರ ಇಂಗ್ಲೆಂಡಿನಲ್ಲಿ ಪಟಾಕಿ ಪ್ರದರ್ಶನಕ್ಕೆ ನಿಜವಾಗಿ ಅನುಮತಿ ಕೊಡುವುದು ಕೌನ್ಸಿಲ್ ಅಲ್ಲ, ಈ ಇನ್ಶೂರೆನ್ಸ್‌ನವರು. ಅವರು ಒಪ್ಪುವಂಥ ಪ್ಲಾನ್ ನಿಮ್ಮ ಹತ್ತಿರ ಇದ್ದರೆ ಅದನ್ನೇ ಕೌನ್ಸಿಲ್‌ಗೂ ಸ್ಕೂಲ್‌ಗೂ ಅಗ್ನಿಶಾಮಕದವರಿಗೂ ಕಳಿಸಬಹುದು.

ವಿಮಾನ ನಿಲ್ದಾಣ ಹತ್ತಿರ ಇದ್ದರೆ ಅಲ್ಲಿನ ಟ್ರಾಫಿಕ್ ಕಂಟ್ರೋಲ್‌ಗೆ, ಸಮುದ್ರದ ದಂಡೆ ಆದರೆ ಕೋಸ್ಟ್‌ಗಾರ್ಡ್‌ಗೆ ತಿಳಿಸಬೇಕು. ಅಲ್ಲಿ ಕೆಂಪು ರಾಕೆಟ್ ಹಾರಿದರೆ ಯಾರೋ ಮುಳುಗುತ್ತಿದ್ದಾರೆ ಅಂತ ದೋಣಿ ಹೊರಡುತ್ತದೆ.

ಕೆಟಲ್‌ಕಾಫಿ

ನಿನ್ನೆ ರಾತ್ರಿ ಇದನ್ನೆಲ್ಲ ಕಮಿಟಿಗೆ ಓದಿ ಹೇಳಿದೆ. ಮೊದಲು ಮೌನ, ಆಮೇಲೆ ಜಗಳ, ಕೊನೆಗೆ ತೀರ್ಮಾನ. ಪಾರ್ಕ್ ಕೈಬಿಟ್ಟೆವು. ಸ್ಕೂಲ್ ಮೈದಾನ ಅಳೆದೆವು, ಒಂದು ಕಡೆ ಮನೆಗಳ ಬೇಲಿ ತುಂಬಾ ಹತ್ತಿರ ಬರುತ್ತದೆ. ಹಾಗಾಗಿ ಎಫ್3 ಬೇಡ, ಎಫ್2 ಮಾತ್ರ, ಸದ್ದು ಕಡಿಮೆ ಇರುವಂಥವು. ಇನ್ಶೂರೆನ್ಸ್ ಬೆಲೆ ಕೇಳಲು ಹಾಕಿದ್ದೇವೆ. ಅದು ಜಾಸ್ತಿ ಬಂದರೆ ಕಂಪನಿಗೇ ಕೊಡುವುದು ಅಂತ ಆಗಿದೆ. ಕೌನ್ಸಿಲ್ ಫಾರಂ ತುಂಬಿ ಕಳಿಸಿದೆ, "ಅಂದಾಜು ಜನ" ಅನ್ನುವ ಕಡೆ 450 ಬರೆದೆ. ಮದ್ಯ ಇಲ್ಲ. ಪಟಾಕಿ ಆರೂವರೆಗೆ, ಭಾಷಣ ಊಟದ ಮೇಲೆ. ಇದಕ್ಕೆ ಇಬ್ಬರು ಮುನಿಸಿಕೊಂಡಿದ್ದಾರೆ.

ಇನ್ನೆರಡು ಚಿಕ್ಕ ಪ್ರಶ್ನೆ. ಪಟಾಕಿ ಯಾವಾಗ ಕೊಳ್ಳುವುದು, ಈಗಲೇ ತಂದು ಗ್ಯಾರೇಜಿನಲ್ಲಿ ಇಡಬಹುದಾ? ಆಮೇಲೆ ಟುಸ್ ಆದವನ್ನು ಏನು ಮಾಡುವುದು?

ಅಳತೆಪಟ್ಟಿ

ಗ್ಯಾರೇಜ್ ಬೇಡ. ಮನೆಯಲ್ಲಿ ಎಷ್ಟು ಇಡಬಹುದು, ಎಷ್ಟು ದಿನ ಅನ್ನುವುದಕ್ಕೆ ಮಿತಿ ಇದೆ, ಮನೆ ಇನ್ಶೂರೆನ್ಸ್‌ನವರಿಗೂ ಅದು ಇಷ್ಟವಾಗುವ ಸುದ್ದಿಯಲ್ಲ. ವರ್ಷವಿಡೀ ಮಾರುವ ಲೈಸೆನ್ಸ್ ಇರುವ ಅಂಗಡಿಗಳು ಕಾರ್ಯಕ್ರಮದ ಹತ್ತಿರದ ದಿನ ತಲುಪಿಸುತ್ತವೆ, ಅಂಥವರನ್ನು ಹಿಡಿಯಿರಿ. ಉಳಿದವರು ಅಕ್ಟೋಬರ್ 15ರಿಂದ ನವೆಂಬರ್ 10ರ ತನಕ, ಡಿಸೆಂಬರ್ 26ರಿಂದ 31ರ ತನಕ, ಆಮೇಲೆ ದೀಪಾವಳಿ ಮತ್ತು ಚೀನೀಯರ ಹೊಸ ವರ್ಷದ ದಿನ ಹಾಗೂ ಅದಕ್ಕೆ ಮೂರು ದಿನ ಮುಂಚೆ ಮಾತ್ರ ಮಾರಬಹುದು. ವ್ಯಾನಿನಲ್ಲಿ ಮಾರುವವರ ಹತ್ತಿರ, ಮಾರ್ಕೆಟ್ ಪ್ಲೇಸಿನಲ್ಲಿ ಅಗ್ಗಕ್ಕೆ ಕೊಡುವವರ ಹತ್ತಿರ ಬೇಡ.

ಟುಸ್ ಆದದ್ದರ ಹತ್ತಿರ ತಕ್ಷಣ ಯಾರೂ ಹೋಗಬಾರದು, ಮತ್ತೆ ಹಚ್ಚಲಂತೂ ಹೋಗಲೇಬಾರದು. ಡಬ್ಬದ ಮೇಲೆ ಬರೆದಿರುವಷ್ಟು ಹೊತ್ತು ಬಿಟ್ಟು, ಜನ ಹೋದ ಮೇಲೆ, ಹಚ್ಚಿದವರೇ ಹೋಗಿ ಬಕೆಟ್ ನೀರಿನಲ್ಲಿ ಮುಳುಗಿಸಿ ಇಡಿ, ಪೂರ್ತಿ ನೆನೆಯಲಿ. ಏನು ಮಾಡುವುದು ಅಂತ ಮಾರಿದವರನ್ನೇ ಕೇಳಿ, ಒಣಗಿದ್ದನ್ನು ಬಿನ್‌ಗೆ ಹಾಕಬೇಡಿ. ಮಕ್ಕಳ ಸುರುಸುರು ಬತ್ತಿಗೂ ಬೇರೆ ಬಕೆಟ್ ಇಡಿ, ಆರಿದ ಮೇಲೂ ತಂತಿ ಚರ್ಮ ಸುಡುವಷ್ಟು ಕಾದಿರುತ್ತದೆ. ಐದು ವರ್ಷ ತುಂಬದವರ ಕೈಗೆ ಅದೂ ಬೇಡ.

ಬೆಕ್ಕಿನಕಣ್ಣು

ಮರುದಿನ ಬೆಳಿಗ್ಗೆ ಮೈದಾನದಲ್ಲಿ ಒಂದು ಸುತ್ತು ನಡೆದು ಕಡ್ಡಿ, ಕೊಳವೆ ಹೆಕ್ಕಲು ನಾಲ್ಕು ಜನರ ಹೆಸರನ್ನು ಈಗಲೇ ಬರೆಸಿಕೊಳ್ಳಿ. ಸೋಮವಾರ ಸ್ಕೂಲ್ ಮಕ್ಕಳು ಹೆಕ್ಕಿದರೆ ಮುಂದಿನ ವರ್ಷ ಹಾಲ್ ಕೂಡ ಕೊಡುವುದಿಲ್ಲ.

ಕೆಟಲ್‌ಕಾಫಿ

ಮುನಿಸಿಕೊಂಡ ಇಬ್ಬರ ಹೆಸರು ಮೊದಲೇ ಬರೆದಿದ್ದೇನೆ. ಇನ್ನಿಬ್ಬರು ಬೇಕು.